ರೆಕ್ಕೆಗೆ ತೆತ್ತ ಬೆಲೆ: ‘ವಿಂಕ್ಸ್ ಕ್ಲಬ್’ ಕಿನ್ನರಿಯರ ರೂಪಾಂತರಗಳು

ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗಳ ಜೊತೆ ಕುಳಿತು ಇಟಲಿಯ ‘ವಿಂಕ್ಸ್ ಕ್ಲಬ್’ ಅನಿಮೇಷನ್ ಸರಣಿಯನ್ನು ಮೊದಲ ಕಂತಿನಿಂದ ನೋಡುವ ಅವಕಾಶ ಒದಗಿತು. ಮೂರನೆಯ ಸೀಸನ್ ಮುಗಿದು ನಾಲ್ಕನೆಯದು ಶುರುವಾಗಿ, ಪರದೆಯ ಮೇಲಿನ ಆರು ಹುಡುಗಿಯರು ಮತ್ತೊಮ್ಮೆ ಹೊಸ ಉಡುಪು, ಹೊಸ ರೆಕ್ಕೆ ತೊಟ್ಟು ನಿಂತುದನ್ನು ಕಂಡೊಡನೆ ಆಕೆ, “ದೊಡ್ಡಮ್ಮ, ಹೋದ ಸಲದ್ದೇ ಚೆನ್ನಾಗಿತ್ತಲ್ಲ, ಅದನ್ನ ಯಾಕೆ ಬಿಟ್ಟರು?” ಎಂದು ಕೇಳಿದಳು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಉಳಿದ ಸೀಸನ್‌ಗಳನ್ನು ಆ ಪ್ರಶ್ನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ನೋಡಿದೆ. ಈ ವಿಮರ್ಶೆ ಆಕೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಸರಣಿಯ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಇಜಿನಿಯೊ ಸ್ಟ್ರಾಫಿ ಸೃಷ್ಟಿಸಿ, ಮಾರ್ಕೆ ಪ್ರಾಂತದ ಲೊರೆಟೊ ಊರಿನ ರೈನ್‌ಬೋ ಸ್ಟುಡಿಯೊ ತಯಾರಿಸಿದ ಈ ಸರಣಿ 2004ರ ಜನವರಿ 28ರಂದು ಇಟಲಿಯ ರಾಯ್ 2 ವಾಹಿನಿಯಲ್ಲಿ ಆರಂಭವಾಯಿತು. ಸೀಸನ್ನಿಗೆ 26 ಕಂತುಗಳಂತೆ, 2019ರ ಎಂಟನೆಯ ಸೀಸನ್ ಸೇರಿ ಒಟ್ಟು 208 ಕಂತುಗಳಿವೆ. ಭೂಮಿಯ ಗಾರ್ಡೇನಿಯಾ ಎಂಬ ಊರಿನಲ್ಲಿ ಸಾಮಾನ್ಯ ಹುಡುಗಿಯಾಗಿ ಬೆಳೆದ ಬ್ಲೂಮ್‌ಗೆ ತನ್ನೊಳಗೊಂದು ಬೆಂಕಿ ಇದೆಯೆಂದು ತಿಳಿಯುತ್ತದೆ. ಆಕೆ ಮಾಯಾಲೋಕದ ಆಲ್ಫಿಯಾ ಎಂಬ ಕಿನ್ನರಿಯರ ಶಾಲೆಗೆ ಸೇರಿ, ಸೂರ್ಯನ ಬೆಳಕಿನ ಸ್ಟೆಲ್ಲಾ, ಗಿಡಮರಗಳ ಫ್ಲೋರಾ, ಸಂಗೀತದ ಮ್ಯೂಸಾ, ತಂತ್ರಜ್ಞಾನದ ಟೆಕ್ನಾ ಇವರೊಂದಿಗೆ ಗುಂಪು ಕಟ್ಟುತ್ತಾಳೆ. ಅಲೆಗಳ ಕಿನ್ನರಿ ಐಶಾ ಎರಡನೆಯ ಸೀಸನ್ನಿನಲ್ಲಿ ಸೇರುತ್ತಾಳೆ. ಕೆಲವು ಭಾಷೆಗಳ ಧ್ವನಿಯಲ್ಲಿ ಇವಳೇ ಲೈಲಾ. ‘ವಿಂಕ್ಸ್’ ಎಂಬ ಹೆಸರು ರೆಕ್ಕೆಗೆ ಇಂಗ್ಲಿಷಿನಲ್ಲಿರುವ ಪದದಿಂದಲೇ ಹುಟ್ಟಿದ್ದು. ಆದ್ದರಿಂದ ಇಡೀ ಸರಣಿಯನ್ನು ರೆಕ್ಕೆಗಳ ಲೆಕ್ಕದಲ್ಲಿ ಅಳೆದರೆ ಅನ್ಯಾಯವಾಗದು ಎಂದುಕೊಂಡಿದ್ದೇನೆ.

ರೂಪಾಂತರದ ದೃಶ್ಯ ಎಂದರೇನು ಎಂಬುದನ್ನು ಮೊದಲು ಹೇಳಬೇಕು. ಜಗಳ ಶುರುವಾಗುವ ಹೊತ್ತಿಗೆ ಕಥೆ ನಿಲ್ಲುತ್ತದೆ, ಹಿನ್ನೆಲೆ ಬಣ್ಣದ ಸುಳಿಯಾಗುತ್ತದೆ, ಸಂಗೀತ ಏರುತ್ತದೆ, ಹುಡುಗಿ ಗಿರ್ರನೆ ತಿರುಗುತ್ತ ಕೈಗೆ ಕೈಗವಸು, ಕಾಲಿಗೆ ಬೂಟು, ಬೆನ್ನಿಗೆ ರೆಕ್ಕೆ ಪಡೆಯುತ್ತಾಳೆ. ಒಮ್ಮೆ ಬರೆದ ಆ ಚಿತ್ರಗಳನ್ನೇ ಸೀಸನ್ ಪೂರ್ತಿ ಮತ್ತೆ ಮತ್ತೆ ತೋರಿಸುವುದು ಈ ಬಗೆಯ ಸರಣಿಗಳ ವಾಡಿಕೆ. ಜಪಾನಿನ ಮಾಯಾಬಾಲೆಯರ ಸರಣಿಗಳಿಂದ ಬಂದ ಈ ಪದ್ಧತಿಗೆ ಖರ್ಚಿನ ಉಳಿತಾಯವೇ ಮೂಲವಾದರೂ, ಅದರಿಂದ ಒಂದು ಒಳ್ಳೆಯದೂ ಆಯಿತು: ಹತ್ತಾರು ಸಲ ತೋರಿಸುವ ತುಣುಕಾದ್ದರಿಂದ ಕಲಾವಿದರು ಅದಕ್ಕೆ ಉಳಿದ ದೃಶ್ಯಗಳಿಗೆ ಕೊಡಲಾಗದಷ್ಟು ಶ್ರಮವನ್ನು ಕೊಡಬಲ್ಲರು. ಯಕ್ಷಗಾನದ ಆಟ ನೋಡಿ ಬೆಳೆದ ನನ್ನಂಥವರಿಗೆ ಇದು ಪೂರ್ತಿ ಅಪರಿಚಿತವೇನೂ ಅಲ್ಲ. ಒಡ್ಡೋಲಗದಲ್ಲಿ ಬರುವ ಹೆಜ್ಜೆ ಯಾವುದು, ತೆರೆಯ ಹಿಂದಿರುವ ವೇಷ ಯಾವುದು ಎಂಬುದೆಲ್ಲ ಗೊತ್ತಿದ್ದೂ ಸಭೆ ಅದಕ್ಕಾಗಿಯೇ ಕಾದಿರುತ್ತದೆ. ಹಾಗೆ ಕಾಯಿಸಿಕೊಳ್ಳುವ ಯೋಗ್ಯತೆ ಆ ವೇಷಕ್ಕೆ ಇರಬೇಕು, ಅಷ್ಟೆ.

ನನ್ನ ಅಳತೆಗೋಲುಗಳು ಮೂರು. ವೇಷವನ್ನು ನೋಡಿದ ಕೂಡಲೇ, ಮುಖ ಮುಚ್ಚಿದರೂ, ಇದು ಇಂಥವಳದೇ ಎಂದು ಗೊತ್ತಾಗಬೇಕು. ಅದರಿಂದ ಬರುವ ಶಕ್ತಿಗೆ ಒಂದು ಎಲ್ಲೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಪಡೆಯಲು ಹುಡುಗಿ ಏನನ್ನಾದರೂ ಕಳೆದುಕೊಳ್ಳಲು ಸಿದ್ಧಳಾಗಿರಬೇಕು. ನಾಲ್ಕನೆಯ ಅಳತೆಗೋಲನ್ನು ತಂಗಿಯ ಮಗಳೇ ಕೊಟ್ಟಳು: ಸ್ಕೆಚ್ ಪೆನ್ನುಗಳ ಡಬ್ಬಿ ಹಿಡಿದು, ಟಿವಿ ಆರಿಸಿದ ಮೇಲೆ, ನೆನಪಿನಿಂದ ಬರೆಯಲು ಬರುತ್ತದೆಯೋ ಇಲ್ಲವೋ ಎಂಬುದು.

ಮೊದಲ ಸೀಸನ್ನಿನ ಮೂಲ ರೂಪ ಈ ಕೊನೆಯ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಂದಿದೆ. ಮಿನುಗುವ ಬಟ್ಟೆಯ ಗಿಡ್ಡ ಉಡುಪು, ಬೆನ್ನಿನ ಮೇಲೆ ಪುಟ್ಟ ರೆಕ್ಕೆ, ಮೊಣಕಾಲುದ್ದದ ಬೂಟು. ಬ್ಲೂಮ್‌ಗೆ ತಿಳಿನೀಲಿ, ಸ್ಟೆಲ್ಲಾಗೆ ಕಿತ್ತಳೆ, ಫ್ಲೋರಾಗೆ ಗುಲಾಬಿ, ಮ್ಯೂಸಾಗೆ ಕೆಂಪು, ಟೆಕ್ನಾಗೆ ನೇರಳೆ. ಒಬ್ಬಳಿಗೆ ಒಂದೇ ಬಣ್ಣ. ಸ್ಟೆಲ್ಲಾಳ ಉಂಗುರ ದಂಡವಾಗುತ್ತದೆ. ಟೆಕ್ನಾಳದು ಮೈಮುಚ್ಚುವ ಅಂಗಿ, ತಲೆಗೆ ಶಿರಸ್ತ್ರಾಣದಂಥ ಟೊಪ್ಪಿಗೆ, ರೇಖಾಗಣಿತದ ಪೆಟ್ಟಿಗೆಯಿಂದ ತೆಗೆದಂತಿರುವ ಚೂಪು ಮೂಲೆಗಳ ರೆಕ್ಕೆ. ಉಳಿದವರೆಲ್ಲ ಬಾಗುಗೆರೆಯಲ್ಲಿರುವಾಗ ಇವಳೊಬ್ಬಳು ನೇರಗೆರೆಯಲ್ಲಿದ್ದಾಳೆ ಎಂಬುದು ಎಷ್ಟು ಸರಳವಾದ ಉಪಾಯ! ದೂರದಿಂದ ನೆರಳು ಕಂಡರೂ ಟೆಕ್ನಾ ಎಂದು ಹೇಳಬಹುದು. ಕಥೆಯೂ ಇಲ್ಲಿ ಅವಸರ ಪಡುವುದಿಲ್ಲ. ಮೊದಲ ಕಂತಿನಲ್ಲಿ ಬ್ಲೂಮ್‌ಗೆ ಬರುವುದು ಬೆಂಕಿ ಮಾತ್ರ. ರೆಕ್ಕೆಗಾಗಿ ಆಕೆ ಕೆಲವು ಕಂತುಗಳಷ್ಟು ಕಾಯಬೇಕು, ತರಗತಿಯಲ್ಲಿ ಉಳಿದವರಿಗಿಂತ ಹಿಂದೆ ಬೀಳಬೇಕು. ಹಾಗಾಗಿ ಆ ನಾಲ್ಕು ಗೆರೆಯ ಸಣ್ಣ ರೆಕ್ಕೆ ಕೊನೆಗೂ ಬಿಚ್ಚಿಕೊಂಡಾಗ ಅದು ದೊಡ್ಡದಾಗಿಯೇ ಕಾಣುತ್ತದೆ.

ಆಕ್ಷೇಪವೂ ಇಲ್ಲಿಂದಲೇ ಶುರುವಾಗುತ್ತದೆ. ಆರು ಹುಡುಗಿಯರ ಮುಖ, ಕೂದಲು, ಮೈಬಣ್ಣ ಬೇರೆ ಬೇರೆಯಾದರೂ ಮೈಕಟ್ಟು ಒಂದೇ ಅಚ್ಚಿನದು: ಹಿಡಿಯೊಳಗೆ ಹಿಡಿಸುವ ಸೊಂಟ, ಮೈಗಿಂತ ಉದ್ದದ ಕಾಲು. ಬಣ್ಣ, ರೆಕ್ಕೆಗಳಲ್ಲಿ ಇಷ್ಟು ಬಗೆ ತೋರಿಸಿದ ಕೈಗಳು ದೇಹದ ವಿಷಯದಲ್ಲಿ ಇಷ್ಟೊಂದು ಜಿಪುಣತನ ಮಾಡಿದ್ದೇಕೆ? ಎಂಟು ಸೀಸನ್ ಕಳೆದರೂ ಇದು ಸರಿಹೋಗಿಲ್ಲ, ಮತ್ತು ಎಂಟು ಒಂಬತ್ತು ವರ್ಷದ ಮಕ್ಕಳು ಇದನ್ನು ಗಮನಿಸುವುದಿಲ್ಲ ಎಂದು ತಿಳಿದರೆ ಅದು ನಮ್ಮ ಭ್ರಮೆ.

ಎರಡನೆಯ ಸೀಸನ್ನಿನ ‘ಚಾರ್ಮಿಕ್ಸ್’ ಅನ್ನು ರೂಪಾಂತರ ಎನ್ನುವುದೇ ಕಷ್ಟ. ಹಳೆಯ ಉಡುಪಿನ ಮೇಲೆ ಎದೆಗೊಂದು ಪದಕ, ಸೊಂಟದ ಬಳಿ ಒಂದು ಪುಟ್ಟ ಚೀಲ ಸೇರುತ್ತದೆ, ಅಷ್ಟೇ. ಚಿತ್ರವಾಗಿ ಅದಕ್ಕೆ ಹೆಚ್ಚು ಅಂಕ ಕೊಡಲಾರೆ. ಚೀಲವಂತೂ ಮದುವೆಗೆ ಹೊರಟವರ ಕೈಚೀಲದಂತೆ ಇದೆ. ಆದರೆ ಅದನ್ನು ಪಡೆಯುವ ನಿಯಮ ಸೊಗಸಾದದ್ದು. ತನ್ನೊಳಗಿನ ಕುಂದನ್ನು ತಾನೇ ಗುರುತಿಸಿ ಮೀರಿದವಳಿಗೆ ಮಾತ್ರ ಚಾರ್ಮಿಕ್ಸ್ ದಕ್ಕುತ್ತದೆ. ಶತ್ರುವನ್ನು ಸೋಲಿಸಿದ್ದಕ್ಕೆ ಬಹುಮಾನ ಕೊಡುವ ಕಥೆಗಳು ಬೇಕಾದಷ್ಟಿವೆ. ಸಂಕೋಚವನ್ನು, ಅಹಂಕಾರವನ್ನು, ಯಾರನ್ನೂ ನಂಬಲಾಗದ ಸ್ವಭಾವವನ್ನು ಗೆದ್ದದ್ದಕ್ಕೆ ಎದೆಯ ಮೇಲೆ ಗುರುತು ಕೊಡುವ ಈ ಯೋಚನೆಯೇ ಮೂರನೆಯ ಸೀಸನ್ನಿಗೆ ಮೆಟ್ಟಿಲಾಯಿತು.

ಅಲ್ಲಿ ಬರುವುದು ‘ಎನ್‌ಚಾಂಟಿಕ್ಸ್’. 2007ರಲ್ಲಿ ಬಂದ ಈ ಸೀಸನ್ನಿನ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಇಡೀ ಸರಣಿಯಲ್ಲಿ ವೇಷ, ಶಕ್ತಿ, ಬೆಲೆ ಮೂರೂ ಒಂದೇ ಎಳೆಯಲ್ಲಿ ಸೇರಿಕೊಂಡದ್ದು ಇಲ್ಲಿ ಮಾತ್ರ. ನಿಯಮ ಇಷ್ಟೇ: ತನ್ನ ಲೋಕದವರೊಬ್ಬರನ್ನು ಉಳಿಸಲು ದೊಡ್ಡ ತ್ಯಾಗ ಮಾಡಿದವಳು ಪೂರ್ಣ ಕಿನ್ನರಿಯಾಗುತ್ತಾಳೆ. ಪ್ರತಿಯೊಬ್ಬಳಿಗೂ ಆ ಗಳಿಗೆ ಬೇರೆ ಬೇರೆ ಕಂತಿನಲ್ಲಿ, ಬೇರೆ ಬೇರೆ ರೀತಿಯಲ್ಲಿ ಬರುತ್ತದೆ.

ಮೊದಲು ಪಡೆಯುವವಳು ಐಶಾ. ಖಳನಾಯಕ ವಾಲ್ಟೋರ್ ಅವಳ ಲೋಕವಾದ ಆಂಡ್ರೋಸ್‌ನ ಕಡಲನ್ನು ಕೆಡಿಸಿ, ಮತ್ಸ್ಯಕನ್ಯೆಯರನ್ನು ವಿಕಾರ ರೂಪಗಳಾಗಿ ಬದಲಿಸಿದ್ದಾನೆ. ಅವನ ಮಾಯೆಗೆ ಸಿಕ್ಕಿ ಐಶಾಳ ಕಣ್ಣು ಹೋಗಿದೆ. ವಾಸಿ ಮಾಡುವ ಶಕ್ತಿಯೊಂದು ಕೈಗೆ ಸಿಗುತ್ತದೆ, ಆದರೆ ಅದು ಒಬ್ಬರಿಗೆ ಸಾಕಾಗುವಷ್ಟು ಮಾತ್ರ. ಎದುರಿಗೆ ಮತ್ಸ್ಯಕನ್ಯೆಯರ ರಾಣಿ ಲಿಜಿಯಾ ಸಾಯುವ ಸ್ಥಿತಿಯಲ್ಲಿದ್ದಾಳೆ. ಐಶಾ ತನ್ನ ಕಣ್ಣನ್ನು ಬಿಟ್ಟು ರಾಣಿಯನ್ನು ಆರಿಸಿಕೊಳ್ಳುತ್ತಾಳೆ. ಆಗ ನೀರಿನ ಕತ್ತಲಲ್ಲಿ ಬೆಳಕು ಹರಡಿ, ಕಾಲಿಗೆ ಪಟ್ಟಿಗಳು ಸುತ್ತಿಕೊಂಡು, ಮೊಣಕೈ ಮೀರುವ ಕೈಗವಸುಗಳು ಬಂದು, ಕೊರಳಿಗೆ ಕಿನ್ನರಿ ಧೂಳಿನ ಪುಟ್ಟ ಶೀಷೆ ಇಳಿದು, ಕಡೆಗೆ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಮಾಟವನ್ನು ಮುರಿಯುವುದೇ ಆ ಧೂಳಿನ ಗುಣ. ಅಂದರೆ, ಯಾವುದನ್ನು ಕಳೆದುಕೊಳ್ಳಲು ಸಿದ್ಧಳಾದಳೋ ಅದನ್ನು ಮರಳಿ ಕೊಡುವ ಶಕ್ತಿಯೇ ಅವಳ ಕೊರಳಿಗೆ ಬಂದು ನೇತಾಡುತ್ತದೆ. ತಂಗಿಯ ಮಗಳು ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ಮೂರು ಸಲ ನೋಡಿದಳು. ಎರಡನೆಯ ಸಲ ನಾನೇ ರಿಮೋಟ್ ಕೇಳಿ ತೆಗೆದುಕೊಂಡೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಉಳಿದವರದೂ ಹೀಗೆಯೇ ಅವರವರ ಸ್ವಭಾವಕ್ಕೆ ಕಟ್ಟಿದ ಕಥೆಗಳು. ಕನ್ನಡಿ ಬಿಟ್ಟು ಅಲುಗದ ಸ್ಟೆಲ್ಲಾ, ಮಾಟಕ್ಕೊಳಗಾಗಿ ತನ್ನನ್ನು ಗುರುತಿಸಲೂ ನಿರಾಕರಿಸಿದ್ದ ತಂದೆ ರೇಡಿಯಸ್‌ನನ್ನು ಉಳಿಸಲು ಅಡ್ಡ ನಿಲ್ಲುತ್ತಾಳೆ. ಫ್ಲೋರಾ ತನ್ನ ಪುಟ್ಟ ತಂಗಿ ಮಿಯೆಲೆಗಾಗಿ ನೀರಿಗೆ ಧುಮುಕುತ್ತಾಳೆ. ಶಾಲೆಯ ಮೇಲೆ ದಾಳಿಯಾಗಿ ಬೆಂಕಿ ಎದ್ದಾಗ ಮ್ಯೂಸಾ ತನ್ನ ಲೋಕದ ರಾಜಕುಮಾರಿ ಗಲಾಟಿಯಾಳನ್ನು ಉಳಿಸುತ್ತಾಳೆ. ಗಲಾಟಿಯಾಳ ರೆಕ್ಕೆಗಳು ಮಾತ್ರ ಉಳಿಯುವುದಿಲ್ಲ. ಒಬ್ಬಳಿಗೆ ಹೊಸ ರೆಕ್ಕೆ ಬರುವ ಹೊತ್ತಿನಲ್ಲೇ ಇನ್ನೊಬ್ಬಳ ರೆಕ್ಕೆ ಹೋಗಿರುವುದು ಮಕ್ಕಳ ಸರಣಿಯಲ್ಲಿ ನಾನು ನಿರೀಕ್ಷಿಸಿರದ ಗಾಂಭೀರ್ಯ. ಟೆಕ್ನಾಳ ಸರದಿ ಇದಕ್ಕಿಂತಲೂ ಧೈರ್ಯದ್ದು. ಲೆಕ್ಕ ಹಾಕದೆ ಒಂದು ಹೆಜ್ಜೆ ಇಡದ ಈ ಹುಡುಗಿ, ಆಂಡ್ರೋಸ್‌ನಲ್ಲಿ ತೆರೆದುಕೊಂಡ ಒಮೇಗಾ ದ್ವಾರವನ್ನು ಮುಚ್ಚಲು ತಾನೇ ಅದರೊಳಗೆ ಹೋಗಿಬಿಡುತ್ತಾಳೆ. ಗೆಳತಿಯರು ಅವಳು ಸತ್ತಳೆಂದು ಅಳುತ್ತಾರೆ. ನಿರ್ದೇಶಕರು ಆ ಕ್ಷಣದಲ್ಲಿ ಮಿನುಗು, ಸಂಗೀತ, ತಿರುಗಾಟ ಯಾವುದನ್ನೂ ತೋರಿಸದೆ ನಮ್ಮನ್ನೂ ದುಃಖದಲ್ಲೇ ಕೂರಿಸುತ್ತಾರೆ. ಆಕೆ ಪೂರ್ಣ ಕಿನ್ನರಿಯಾಗಿ ಬದುಕಿದ್ದಾಳೆ ಎಂಬುದು ತಿಳಿಯುವುದು ಆಮೇಲೆ. ರೂಪಾಂತರವೇ ಬಂಡವಾಳವಾದ ಸರಣಿಯೊಂದು ರೂಪಾಂತರವನ್ನು ಬಚ್ಚಿಟ್ಟದ್ದು ದೊಡ್ಡ ಮಾತು.

ಬ್ಲೂಮ್‌ಳದು ಇನ್ನೂ ಜಾಣತನದ್ದು. ಅವಳು ಹುಟ್ಟಿದ ಲೋಕವಾದ ಡೊಮಿನೊ ಹಾಳಾಗಿದೆ, ಉಳಿಸಲು ಅಲ್ಲಿಯವರು ಯಾರೂ ಇಲ್ಲ. ಆಕೆ ಡ್ರ್ಯಾಗನ್‌ಗಳ ನೆಲವಾದ ಪೈರೋಸ್‌ಗೆ ಹೋಗಿ, ಬರಿಯ ಸಂಕಲ್ಪಬಲದಿಂದ ಎನ್‌ಚಾಂಟಿಕ್ಸ್ ಪಡೆಯುತ್ತಾಳೆ. ಆದರೆ ತ್ಯಾಗವಿಲ್ಲದೆ ಪಡೆದದ್ದಾದ್ದರಿಂದ ಅದು ಅಪೂರ್ಣ: ಉಳಿದ ಐವರೂ ಅಂಗೈಯಷ್ಟು ಕಿರಿದಾಗಬಲ್ಲರು, ಇವಳಿಗೆ ಅದು ಸಾಧ್ಯವಿಲ್ಲ. ಕಥಾನಾಯಕಿಗೇ, ಎಲ್ಲರಿಗಿಂತ ಹೆಚ್ಚು ಶಕ್ತಿಯಿರುವವಳಿಗೇ, ಒಂದು ಕೊರತೆಯನ್ನು ಇಟ್ಟು ನಿಯಮವನ್ನು ಸಡಿಲಿಸದೆ ಉಳಿಸಿಕೊಂಡ ಲೇಖಕರ ಶಿಸ್ತನ್ನು ಮೆಚ್ಚಬೇಕು. ಮುಂದಿನ ಸೀಸನ್‌ಗಳಲ್ಲಿ ಇದೇ ಶಿಸ್ತು ಕಾಣೆಯಾಗುತ್ತದೆ.

ವೇಷದ ವಿಷಯಕ್ಕೆ ಬಂದರೆ ಎನ್‌ಚಾಂಟಿಕ್ಸ್ ಹಬ್ಬದ ಅಲಂಕಾರ. ರೆಕ್ಕೆಗಳು ದೊಡ್ಡವು, ಒಳಗೆ ಬಣ್ಣದ ಮೇಲೆ ಬಣ್ಣ, ಅಂಚಿನಲ್ಲಿ ಹರಳುಗಳು. ಬೂಟು ಹೋಗಿ ಬರಿಗಾಲಿಗೆ ಸುತ್ತಿದ ಪಟ್ಟಿಗಳು ಬಂದಿರುವುದು ನನಗೆ ಬಹಳ ಹಿಡಿಸಿತು. ಹಾರುವವಳಿಗೆ ಅಟ್ಟೆ ಯಾಕೆ? ಫ್ಲೋರಾಳ ಲಂಗ ಎಸಳಿನ ಮೇಲೆ ಎಸಳು ಜೋಡಿಸಿದಂತಿದೆ. ಮ್ಯೂಸಾಳ ಗಿಡ್ಡ ಕೂದಲು ಇದ್ದಕ್ಕಿದ್ದಂತೆ ನೀಳವಾಗಿ ಬೆಳೆದು, ಆಕೆ ತಿರುಗಿದಾಗಲೆಲ್ಲ ತಾಳಕ್ಕೆ ಸರಿಯಾಗಿ ಬೀಸುತ್ತದೆ. ಆರರಲ್ಲಿ ನನ್ನ ಮೊದಲ ಆಯ್ಕೆ ಅದೇ. ಸೋತದ್ದು ಟೆಕ್ನಾ. ರೆಕ್ಕೆಯ ಮೂಲೆಗಳು ಚೂಪಾಗಿಯೇ ಇದ್ದರೂ ಉಡುಪಿನಲ್ಲಿ ಎಲ್ಲರಂತೆ ಅವಳಿಗೂ ಝಾಲರು, ಸುರುಳಿ ಹಚ್ಚಿ, ಮೊದಲ ಸೀಸನ್ನಿನ ಆ ಬಿಗಿಯಾದ ನೇರಗೆರೆಯನ್ನು ಮಂಕಾಗಿಸಿದ್ದಾರೆ. ಅಷ್ಟು ದೊಡ್ಡ ತ್ಯಾಗ ಮಾಡಿದವಳಿಗೆ ಇದು ತಕ್ಕ ವೇಷವಲ್ಲ. ನೆನಪಿನಿಂದ ಬರೆಯುವ ಪರೀಕ್ಷೆಯಲ್ಲೂ ಎನ್‌ಚಾಂಟಿಕ್ಸ್ ಹಿಂದೆ ಬೀಳುತ್ತದೆ. ತಂಗಿಯ ಮಗಳು ಮ್ಯೂಸಾಳ ರೆಕ್ಕೆಯ ಒಳಗೆರೆಗಳಿಗಾಗಿ ಎರಡು ಸಲ ಟಿವಿ ಹಾಕಿಸಬೇಕಾಯಿತು, ಕೆಂಪು ಪೆನ್ನು ಅರ್ಧಕ್ಕೇ ಖಾಲಿಯಾಗಿ ಒಂದು ರೆಕ್ಕೆ ಇಂದಿಗೂ ಕಂದು ಬಣ್ಣದ್ದಾಗಿದೆ. ಆದರೂ ಆಕೆ ಹಟ ಹಿಡಿದು ಬರೆದು ಮುಗಿಸಿದಳು ಎಂಬುದಕ್ಕೆ ಒಂದಷ್ಟು ಅಂಕ ಸಲ್ಲಬೇಕು.

ಮೂರು ಸೀಸನ್‌ಗಳ 78 ಕಂತು, ಅದರ ಮೇಲೆ ಬ್ಲೂಮ್ ತನ್ನ ಹೆತ್ತವರನ್ನು ಹುಡುಕುವ 2007ರ ಚಲನಚಿತ್ರ. ಕಥೆ ಅಲ್ಲಿಗೆ ತಾನಾಗಿಯೇ ಮುಗಿದಿತ್ತು. ಪೂರ್ಣ ಕಿನ್ನರಿಯಾದ ಮೇಲೆ ಮತ್ತೇನಾಗುವುದು? ನಾಲ್ಕನೆಯ ಸೀಸನ್ ಬಂದದ್ದು 2009ರಲ್ಲಿ, ಆ ಪ್ರಶ್ನೆಗೆ ಉತ್ತರವಿಲ್ಲದೆಯೇ.

ಅದರ ‘ಬಿಲೀವಿಕ್ಸ್’ ಹಿಂದಿರುವ ಯೋಚನೆ ಕೆಟ್ಟದ್ದೇನಲ್ಲ. ಭೂಮಿಯಲ್ಲಿ ಮಾಯೆಯನ್ನು ನಂಬುವವರೇ ಇಲ್ಲ. ಕೊನೆಯ ಭೂಕಿನ್ನರಿ ರಾಕ್ಸಿಯೂ ತನ್ನನ್ನು ತಾನು ನಂಬುವುದಿಲ್ಲ. ಯಾರಾದರೂ ನಂಬಿದರಷ್ಟೇ ಕಿನ್ನರಿಗೆ ಬಲ. ಶಕ್ತಿಯನ್ನು ಒಳಗಿನಿಂದ ಹೊರಗಿನ ನಂಬಿಕೆಗೆ ವರ್ಗಾಯಿಸಿದ್ದು ಹೊಸ ದಾರಿಯೇ ಸರಿ. ಆದರೆ ಉಡುಪು ನೋಡಿದರೆ ಅಂಗಡಿ ಬೀದಿಗೆ ಹೊರಟ ಹುಡುಗಿಯರು: ಉದ್ದ ಕಾಲುಚೀಲ, ದಪ್ಪ ಬೂಟು, ಗಿಡ್ಡ ಲಂಗ. ರೆಕ್ಕೆ ತೆಗೆದರೆ ಅವರು ಗಾರ್ಡೇನಿಯಾದಲ್ಲಿ ತೆರೆದ ಸಾಕುಪ್ರಾಣಿಗಳ ಅಂಗಡಿಯಲ್ಲಿ ನಿಂತು ವ್ಯಾಪಾರ ಮಾಡಬಹುದು. ಶಕ್ತಿಯ ಕಡೆಯಲ್ಲಿ ಆದದ್ದು ಇನ್ನೂ ಗೊಂದಲ. ವೇಗಕ್ಕೆ ‘ಸ್ಪೀಡಿಕ್ಸ್’, ಕ್ಷಣದಲ್ಲಿ ಬೇರೆಡೆಗೆ ಹೋಗಲು ‘ಝೂಮಿಕ್ಸ್’, ನಡೆದದ್ದನ್ನು ಹಿಂತಿರುಗಿ ನೋಡಲು ‘ಟ್ರೇಸಿಕ್ಸ್’ ಎಂದು ಮೂರು ಬಗೆ ರೆಕ್ಕೆ. ಅಮೆಜಾನ್ ಕಾಡಿಗೆ ಹೋದಾಗ ‘ಸೋಫಿಕ್ಸ್’, ಹಿಮದ ನಾಡಿಗೆ ಹೋದಾಗ ‘ಲವಿಕ್ಸ್’. ಊರಿಗೊಂದು ಅಂಗಿಯಾಯಿತು. ಎನ್‌ಚಾಂಟಿಕ್ಸ್‌ನ ಶೀಷೆಯೊಂದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಐದು ಹೆಸರುಗಳು ಹಂಚಿಕೊಂಡು ಮಾಡುತ್ತವೆ, ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ವಿಚಿತ್ರವೆಂದರೆ ಈ ಸೀಸನ್ನಿನ ಮರೆಯಲಾಗದ ಘಟನೆಗೆ ರೂಪಾಂತರದ ಸಂಬಂಧವೇ ಇಲ್ಲ: ಐಶಾಳ ಪ್ರಿಯತಮ ನಾಬು ಎಲ್ಲರನ್ನೂ ಉಳಿಸಲು ತನ್ನ ಪ್ರಾಣಶಕ್ತಿಯನ್ನು ಸುರಿಯುತ್ತಾನೆ, ಅವನನ್ನು ಬದುಕಿಸಬಹುದಾಗಿದ್ದ ಒಂದೇ ಒಂದು ಕಾಣಿಕೆಯನ್ನು ಖಳನಾಯಕ ಓಗ್ರಾನ್ ಕಸಿದು ಬಾಡಿದ ಹೂವಿನ ಮೇಲೆ ಪೋಲು ಮಾಡುತ್ತಾನೆ. ಹೂವು ಅರಳುತ್ತದೆ, ಹುಡುಗ ಏಳುವುದಿಲ್ಲ. ಬಿಲೀವಿಕ್ಸ್‌ನ ಎಲ್ಲ ರೆಕ್ಕೆಗಳನ್ನು ಸೇರಿಸಿದರೂ ಆ ಹೂವಿನಷ್ಟು ತೂಕವಿಲ್ಲ.

ಐದನೆಯ ಸೀಸನ್ನಿನ ‘ಸಿರೆನಿಕ್ಸ್’ ಬಗ್ಗೆ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಅದರ ಷರತ್ತು ಎಲ್ಲಕ್ಕಿಂತ ಕಠಿಣ: ಸಿರೆನಿಕ್ಸ್ ಗ್ರಂಥವನ್ನು ತೆರೆದವರು ಒಂದು ಚಂದ್ರಚಕ್ರದೊಳಗೆ ಆತ್ಮವಿಶ್ವಾಸ, ಅನುಕಂಪ, ಧೈರ್ಯದ ಮೂರು ಹರಳುಗಳನ್ನು ಪಡೆಯಬೇಕು, ತಪ್ಪಿದರೆ ಇದ್ದ ಶಕ್ತಿಯೂ ಎಂದೆಂದಿಗೂ ಹೋಗುತ್ತದೆ. ಹಿಂದೆ ಅದನ್ನು ಪಡೆದ ಬ್ಲೂಮ್‌ಳ ಅಕ್ಕ ಡಾಫ್ನೆ ಮಾಟಗಾತಿಯರ ಶಾಪಕ್ಕೆ ಸಿಕ್ಕು ದೇಹವನ್ನೇ ಕಳೆದುಕೊಂಡಿದ್ದಾಳೆ. ಇಷ್ಟು ದೊಡ್ಡ ಪಣವನ್ನು ಒಡ್ಡಿ, ಕಡೆಗೆ ಎಲ್ಲರೂ ಒಟ್ಟಿಗೆ, ಒಂದೇ ಕಂತಿನಲ್ಲಿ, ಯಾರೂ ಏನನ್ನೂ ಬಿಟ್ಟುಕೊಡದೆ ಗೆದ್ದುಬಿಡುತ್ತಾರೆ. ಪಣ ಇತ್ತು, ಆಟ ಇರಲಿಲ್ಲ. ಸಮುದ್ರದೊಳಗಿನ ದೃಶ್ಯಗಳಿಗೆ ಕಂಪ್ಯೂಟರ್‌ನ ತ್ರೀಡಿ ತಂತ್ರವನ್ನು ಬಳಸಿದ್ದಾರೆ. ನೀರಿನಲ್ಲಿ ಕೂದಲು ತೇಲುವುದು, ಮೀನಿನ ಈಜುರೆಕ್ಕೆಯಂತೆ ಬೆನ್ನ ರೆಕ್ಕೆ ಅಲುಗುವುದು ಕಣ್ಣಿಗೆ ಹಿತವಾಗಿದೆ. ಆದರೆ ಮುಖಗಳು ಮಾತ್ರ ಮಳಿಗೆಯ ಗಾಜಿನ ಹಿಂದಿನ ಗೊಂಬೆಯ ಮುಖಗಳಾದವು. ಕೈಯಲ್ಲಿ ಬರೆದ ರೂಪ ಮತ್ತು ತ್ರೀಡಿ ರೂಪ ಒಂದೇ ಕಂತಿನಲ್ಲಿ ಬಂದುಹೋಗುವಾಗ ಒಬ್ಬಳೇ ಹುಡುಗಿಗೆ ಇಬ್ಬರು ನಟಿಯರಿದ್ದಂತೆ ಅನಿಸುತ್ತದೆ. ಬ್ಲೂಮ್ ತನಗೆ ಸಿಕ್ಕ ವರದಲ್ಲಿ ಅಕ್ಕನನ್ನು ಮರಳಿ ಪಡೆಯುವುದೊಂದು ಸಿರೆನಿಕ್ಸ್‌ನ ಮಾನ ಉಳಿಸಿದೆ.

ಇಷ್ಟರ ನಡುವೆ ಸರಣಿಯ ಮೂಲಶಕ್ತಿಗಳ ಮಾತು. ವೇಷ ಎಷ್ಟು ಬದಲಾದರೂ ಇವು ಬದಲಾಗುವುದಿಲ್ಲವಾದ್ದರಿಂದ ಬೇರೆಯಾಗಿಯೇ ತೂಗಬೇಕು. ಬ್ಲೂಮ್‌ಳ ಡ್ರ್ಯಾಗನ್ ಜ್ವಾಲೆ ಜಗತ್ತನ್ನೇ ಸೃಷ್ಟಿಸಿದ ಬೆಂಕಿಯೆಂದು ಸರಣಿ ಹೇಳುತ್ತದೆ. ಅಂಥ ಶಕ್ತಿಗೆ ಎಲ್ಲೆ ಹಾಕುವುದು ಕಷ್ಟ, ಹಾಕದಿದ್ದರೆ ಉಳಿದ ಐವರಿಗೆ ಕೆಲಸವಿಲ್ಲ. ಬರೆಯುವವರು ಈ ಇಕ್ಕಟ್ಟಿನಿಂದ ಕೊನೆಯವರೆಗೂ ಹೊರಬಂದಿಲ್ಲ. ಸ್ಟೆಲ್ಲಾಳ ಬೆಳಕಿಗೆ ನೈಸರ್ಗಿಕವಾಗಿಯೇ ಎಲ್ಲೆ ಇದೆ, ಸೂರ್ಯ ಕಾಣದ ನೆಲದಾಳದಲ್ಲಿ ಆಕೆ ಸೊರಗುತ್ತಾಳೆ. ಇದು ಚೆನ್ನಾದ ಕಟ್ಟು. ಟೆಕ್ನಾಳ ಶಕ್ತಿಯನ್ನು ಹೇಗೆ ತೋರಿಸಬೇಕೆಂದೇ ಚಿತ್ರಕಾರರಿಗೆ ಹೊಳೆದಂತಿಲ್ಲ. ಬಹುಪಾಲು ಹಸಿರು ಗೆರೆಗಳ ಗುರಾಣಿಯಲ್ಲೇ ಅದು ಮುಗಿದುಹೋಗುತ್ತದೆ. ಮ್ಯೂಸಾಳ ಶಬ್ದದ ಅಲೆಗಳು ಪರವಾಗಿಲ್ಲ. ಎಲ್ಲರಲ್ಲೂ ಉತ್ತಮವಾದದ್ದು ಐಶಾಳ ‘ಮಾರ್ಫಿಕ್ಸ್’: ಗುಲಾಬಿ ನೇರಳೆ ನಡುವಿನ ಬಣ್ಣದ, ದ್ರವವೂ ಅಲ್ಲದ ಗಟ್ಟಿಯೂ ಅಲ್ಲದ ವಸ್ತು, ಅದನ್ನು ಆಕೆ ಹಗ್ಗವಾಗಿ, ಹಲಗೆಯಾಗಿ, ಗೋಡೆಯಾಗಿ ತಿದ್ದಿಕೊಳ್ಳುತ್ತಾಳೆ. ಉಳಿದವರು ಕೈಚಾಚಿ ಬಣ್ಣದ ಬೆಳಕು ಎಸೆಯುವಾಗ ಇವಳು ಏನನ್ನೋ ಮಾಡುತ್ತಿರುತ್ತಾಳೆ, ಅದಕ್ಕೆ ಭಾರವಿದೆ, ಆಕಾರವಿದೆ, ಮುಂದೇನು ಮಾಡುತ್ತಾಳೋ ಎಂಬ ಕುತೂಹಲವಿದೆ. ಜಗಳದ ದೃಶ್ಯಗಳಲ್ಲಿ ನನ್ನ ಕಣ್ಣು ಸದಾ ಅವಳನ್ನೇ ಹುಡುಕುತ್ತಿತ್ತು.

ಆರನೆಯ ಸೀಸನ್ನಿನ ‘ಬ್ಲೂಮಿಕ್ಸ್’ ಅನ್ನು ಅನೇಕರು ಹೆಸರಿಗೇ ನಕ್ಕು ಬದಿಗಿಡುತ್ತಾರೆ. ನಾನು ಹಾಗೆ ಮಾಡಲಾರೆ. ಗೆಳತಿಯರು ಶಕ್ತಿ ಕಳೆದುಕೊಂಡಾಗ ಬ್ಲೂಮ್ ತನ್ನ ಜ್ವಾಲೆಯನ್ನು ಹಂಚಿ ಒಬ್ಬೊಬ್ಬರಿಗೆ ಒಂದೊಂದು ಕಿಡಿ ಕೊಡುತ್ತಾಳೆ, ತಾನು ಬಳಲುತ್ತಾಳೆ. ಪಡೆದವರೂ ಧೈರ್ಯ ತೋರಿಸುವವರೆಗೆ ಆ ಕಿಡಿ ಹೊತ್ತಿಕೊಳ್ಳುವುದಿಲ್ಲ. ಎನ್‌ಚಾಂಟಿಕ್ಸ್ ಆದಮೇಲೆ ಬೆಲೆ ತೆತ್ತು ಪಡೆದ ರೂಪ ಇದೊಂದೇ. ಉಡುಪಿನಲ್ಲೂ ಕವಚದ ಛಾಯೆಯಿದೆ, ಯುದ್ಧಕ್ಕೆ ಹೊರಟವರೆಂದು ನಂಬಬಹುದು. ದುರದೃಷ್ಟಕ್ಕೆ ಅದೇ ಸೀಸನ್ನಿನಲ್ಲಿ ಮಾಯಾಪುಸ್ತಕದ ಲೋಕಕ್ಕೆ ಹೋಗಲೆಂದು ‘ಮಿಥಿಕ್ಸ್’ ಬಂದು, ಕೈಗೊಂದು ಮಾಯಾದಂಡ ಕೊಟ್ಟು, ಗಮನವನ್ನು ಬೇರೆಡೆಗೆ ಸೆಳೆಯಿತು.

2015ರ ‘ಬಟರ್‌ಫ್ಲಿಕ್ಸ್’, ಕಿರುಲೋಕಗಳಿಗೆ ಹೋಗಲು ಬಳಸುವ ‘ಟೈನಿಕ್ಸ್’, 2019ರ ‘ಕಾಸ್ಮಿಕ್ಸ್’ ಇವುಗಳ ಬಗ್ಗೆ ಹೆಚ್ಚು ಹೇಳಲು ನನ್ನಲ್ಲಿ ಏನೂ ಉಳಿದಿಲ್ಲ. ಚಿಟ್ಟೆಯ ರೆಕ್ಕೆ, ಹರಳಿನ ರೆಕ್ಕೆ, ನಕ್ಷತ್ರದ ರೆಕ್ಕೆ. ಚೆಂದವಿವೆ, ಆದರೆ ಆರು ರೆಕ್ಕೆಗಳನ್ನು ಬಣ್ಣವಿಲ್ಲದೆ ಸಾಲಾಗಿಟ್ಟರೆ ಯಾರದು ಯಾವುದೆಂದು ನಾನು ಹೇಳಲಾರೆ, ತಂಗಿಯ ಮಗಳೂ ಹೇಳಲಿಲ್ಲ. ಕುಬ್ಜರಾಗುವ ಶಕ್ತಿ ಮೂರನೆಯ ಸೀಸನ್ನಿನಲ್ಲಿಯೇ ಇತ್ತಲ್ಲ, ಅದಕ್ಕೆ ಪ್ರತ್ಯೇಕ ಉಡುಪು ಏಕೆ ಬೇಕಾಯಿತು ಎಂದು ಕೇಳಿದರೆ ಕಥೆಯೊಳಗೆ ಉತ್ತರ ಸಿಗುವುದಿಲ್ಲ. ಹೊಸ ವೇಷ ಬಂದಾಗ ಹೊಸ ಗೊಂಬೆ ಬರುತ್ತದೆ ಎಂಬ ಆಟಿಕೆ ಅಂಗಡಿಯ ಉತ್ತರ ಮಾತ್ರ ಇದೆ. ಆಕೆಯ ಪ್ರಶ್ನೆಗೂ ಅರ್ಧ ಉತ್ತರ ಅದೇ.

ಹಾಗಾದರೆ ರೆಕ್ಕೆಯನ್ನೇ ತೆಗೆದುಬಿಟ್ಟರೆ? 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಇವೇ ಪಾತ್ರಗಳಲ್ಲಿ ಕೆಲವನ್ನಿಟ್ಟು ನಟನಟಿಯರ ಸರಣಿಯೊಂದು ಬಂದಿತು. ಅದರಲ್ಲಿ ಕಿನ್ನರಿಯರು ಜಾಕೆಟ್ ಹಾಕಿಕೊಂಡು ಕಾಡಿನಲ್ಲಿ ಓಡಾಡುತ್ತಾರೆ, ರೂಪಾಂತರ ಎಂಬುದು ಕಾಲಗರ್ಭದಲ್ಲಿ ಕಳೆದುಹೋದ ವಿದ್ಯೆ. ಮೊದಲ ಸೀಸನ್ನಿನ ಕೊನೆಯಲ್ಲಿ ಬ್ಲೂಮ್‌ಗೆ ಬೆಂಕಿಯ ರೆಕ್ಕೆ ಬರುವ ತನಕ ಕಾಯಬೇಕು. ಎರಡು ಸೀಸನ್‌ಗಳಿಗೆ ಅದು ನಿಂತಿತು. ರೂಪಾಂತರ ಅಪರೂಪವಾದರೆ ಬೆಲೆ ಬರುತ್ತದೆಂಬ ಲೆಕ್ಕ ಸರಿಯಿದ್ದರೂ, ಬಣ್ಣವನ್ನು ಅಷ್ಟು ಒಣಗಿಸುವ ಅಗತ್ಯವಿರಲಿಲ್ಲ. ಅದು ಚಿಕ್ಕ ಮಕ್ಕಳಿಗಲ್ಲ ಎಂಬುದನ್ನೂ ಪೋಷಕರು ಗಮನಿಸಬೇಕು.

ನೋಡಬೇಕೆಂದಿರುವವರಿಗೆ ನನ್ನ ಸಲಹೆ: ಮೊದಲ ಮೂರು ಸೀಸನ್‌ಗಳನ್ನು ಬಿಡದೆ, ಕ್ರಮವಾಗಿ ನೋಡಿ, ನಾಲ್ಕನೆಯದನ್ನು ನಾಬುವಿನ ಕಥೆಗಾಗಿ, ಆರನೆಯದರ ಆರಂಭವನ್ನು ಬ್ಲೂಮಿಕ್ಸ್‌ಗಾಗಿ ನೋಡಬಹುದು, ಉಳಿದವನ್ನು ಮಕ್ಕಳು ಕೇಳಿದರೆ ಹಾಕಿಕೊಡಿ. ಅಂಕ ಕೊಡಲೇಬೇಕೆಂದರೆ ಎನ್‌ಚಾಂಟಿಕ್ಸ್‌ಗೆ ಹತ್ತಕ್ಕೆ ಒಂಬತ್ತು, ಟೆಕ್ನಾಳ ಝಾಲರಿಗಾಗಿ ಒಂದನ್ನು ಕಳೆದಿದ್ದೇನೆ. ಮೂಲ ರೂಪಕ್ಕೆ ಎಂಟು, ಬ್ಲೂಮಿಕ್ಸ್‌ಗೆ ಏಳು, ಸಿರೆನಿಕ್ಸ್‌ಗೆ ಆರು, ಬಿಲೀವಿಕ್ಸ್‌ಗೆ ಐದು.

ಎಂಟನೆಯ ಸೀಸನ್ನಿನಲ್ಲಿ ವಾಲ್ಟೋರ್ ಮರಳಿ ಬರುತ್ತಾನೆ, ಅವನ ಹಿಂದೆಯೇ ಎನ್‌ಚಾಂಟಿಕ್ಸ್ ಕೂಡ ಬರುತ್ತದೆ. ಅಷ್ಟರಲ್ಲಿ ಚಿತ್ರದ ಶೈಲಿಯೇ ಬದಲಾಗಿ ಹುಡುಗಿಯರ ಮುಖ ದುಂಡಾಗಿದೆ, ಕಣ್ಣು ದೊಡ್ಡದಾಗಿದೆ, ವಯಸ್ಸು ಇಳಿದಿದೆ. ಅದೇ ಕೈಗವಸು, ಅದೇ ಬರಿಗಾಲಿನ ಪಟ್ಟಿ. ತಂಗಿಯ ಮಗಳು ತನ್ನ ಪುಸ್ತಕ ತೆಗೆದು, ಒಂದು ರೆಕ್ಕೆ ಕೆಂಪು ಒಂದು ಕಂದಾಗಿದ್ದ ತನ್ನ ಮ್ಯೂಸಾಳನ್ನು ಟಿವಿಯ ಪಕ್ಕಕ್ಕೆ ಹಿಡಿದು, ಒಮ್ಮೆ ಅತ್ತ ಒಮ್ಮೆ ಇತ್ತ ನೋಡಿ, “ನಂದೇ ಸರಿ ಇದೆ ಅಲ್ವಾ ದೊಡ್ಡಮ್ಮ?” ಎಂದಳು. ಹೌದೆಂದೆ.